ಅಕ್ಕ ತಿದ್ದಿದ ಲೇಖನ

ಡೊಂಬಿವಲಿ
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ತಡವಾಯಿತು, ಬೇಸರ ಮಾಡ್ಕೋಬೇಡ. "ಮೂವತ್ತು ವರ್ಷ ಕಂಪ್ಯೂಟರ್ ಸುರಕ್ಷತೆ ಬಗ್ಗೆ ಬರೆದವನು ಈಗ ಒಂದು ದಿನ ಚಿತ್ರ, ಒಂದು ದಿನ ಮದ್ದಳೆ, ಒಂದು ದಿನ ಹಕ್ಕಿ ಅಂತ ತಿರುಗ್ತಿದ್ದೀಯಂತೆ. ಬರೆಯೋದು ಬಿಟ್ಟೆಯಾ ಮಾರಾಯಾ?" ಎಂದು ಕೇಳಿದ್ದೆ. ಅದಕ್ಕೆ ಎರಡು ಸಾಲಿನ ಉತ್ತರ ಬರೆಯಲು ಮನಸ್ಸಾಗಲಿಲ್ಲ.

ಬಿಟ್ಟಿಲ್ಲ. ಆಫೀಸಿಗೆ ವಾರಕ್ಕೆ ಎರಡು ದಿನ ಮಾತ್ರ ಹೋಗುತ್ತೇನೆ, ಅಷ್ಟೇ. ಉಳಿದ ದಿನಗಳಲ್ಲಿ ಮಾಡುವುದೂ ಅದೇ ಕೆಲಸ ಅಂತ ನನಗೆ ಈ ವರ್ಷ ಗೊತ್ತಾಯಿತು. ಹೇಗೆ ಅಂತ ಹೇಳುತ್ತೇನೆ, ಕೇಳು.

ನೆನಪಿದೆಯಾ, 1989ರಲ್ಲಿ ನಾವಿಬ್ಬರೂ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿಳಿದು ಲ್ಯಾಮಿಂಗ್ಟನ್ ರೋಡಿಗೆ ಫ್ಲಾಪಿ ತರಲು ನಡೆದದ್ದು? ಆಮೇಲೆ ನಮ್ಮ ಆಫೀಸಿನ ಒಂದು ಫ್ಲಾಪಿಯ ಹೆಸರು ತಾನಾಗಿಯೇ 'ಬ್ರೈನ್' ಅಂತ ಬದಲಾಗಿತ್ತು. ಲಾಹೋರಿನ ಇಬ್ಬರು ಅಣ್ಣತಮ್ಮಂದಿರು 1986ರಲ್ಲಿ ಬರೆದ ವೈರಸ್ ಅದು. 360 ಕೆಬಿ ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ, ಅಂದರೆ ಮಷಿನ್ ಶುರುವಾಗುವಾಗ ಮೊದಲು ಓದುವ ಜಾಗದಲ್ಲಿ, ಹೋಗಿ ಕೂರುತ್ತಿತ್ತು. ತಮ್ಮ ಹೆಸರು, ವಿಳಾಸ, ಫೋನ್ ನಂಬರನ್ನೂ ಅದರೊಳಗೇ ಬರೆದಿಟ್ಟಿದ್ದರು! ಆ ರಾತ್ರಿ ನಾನು ಬರೆದದ್ದೇ ಮೊದಲ ಲೇಖನ. ಫ್ಲಾಪಿಗೆ ಬೇರೇನೂ ಬರೆಯಲಾಗದಂತೆ ಅದರ ಅಂಚಿನ ಕಚ್ಚಿಗೆ ಸ್ಟಿಕರ್ ಅಂಟಿಸಿ, ಬೇರೆಯವರ ಫ್ಲಾಪಿ ಹಾಕಿ ಮಷಿನ್ ಶುರು ಮಾಡಬೇಡಿ ಅಂತ ಬರೆದಿದ್ದೆ. ಓದಿದವರು ಹಾಗೇ ಮಾಡಿದರು, ಉಳಿದುಕೊಂಡರು. ಹೀಗೆ ಮಾಡಿ, ಹಾಗೆ ಮಾಡಬೇಡಿ ಅಂತ ಬರೆದರೆ ಸಾಕು ಅನ್ನುವ ನಂಬಿಕೆ ನನ್ನಲ್ಲಿ ಬೇರೂರಿದ್ದು ಆಗ.

2000ನೇ ಇಸವಿಯ ಮೇ 4ರಂದು 'ಐ ಲವ್ ಯೂ' ಅಂತ ವೈರಸ್ ಹೊತ್ತ ಒಂದು ಮೇಲ್ ಬಂತಲ್ಲ, ಅದರ ಬಗ್ಗೆಯೂ ಎರಡು ಪುಟ ಬರೆದಿದ್ದೆ. ಫೈಲಿನ ಹೆಸರು ಟಿಎಕ್ಸ್‌ಟಿ ಅಂತ ಕಾಣುತ್ತದೆ, ಅಂದರೆ ಬರೀ ಅಕ್ಷರಗಳ ಫೈಲ್; ಆದರೆ ಹಿಂದೆ ವಿಬಿಎಸ್ ಅನ್ನುವ, ತೆರೆದರೆ ಪ್ರೋಗ್ರಾಮ್ ಆಗಿ ಓಡುವ ಬಾಲ ಇದೆ, ವಿಂಡೋಸ್ ಅದನ್ನು ಮುಚ್ಚಿಡುತ್ತದೆ ಅಂತೆಲ್ಲ ವಿವರಿಸಿದ್ದೆ. ಜನ ಅದನ್ನು ಯಾಕೆ ತೆರೆದರು ಅನ್ನುವುದಕ್ಕೆ ಒಂದೇ ಒಂದು ಸಾಲು ಕೊಟ್ಟಿದ್ದೆ. ಆ ಹಳೆಯ ಲೇಖನ ಮೊನ್ನೆ ಮತ್ತೆ ಓದಿದಾಗ ಹೊಟ್ಟೆಯಲ್ಲಿ ಏನೋ ಆಯಿತು. ಮುಖ್ಯವಾದದ್ದು ಆ ಒಂದು ಸಾಲಿನಲ್ಲೇ ಇತ್ತು.

ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯ ಅಕ್ಕನನ್ನು ನೀನು ನೋಡಿದ್ದೀಯ. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರ್ ಆಗಿ ನಿವೃತ್ತರಾದವರು, ನಿನಗೆ ಪತ್ರೊಡೆ ಕೊಟ್ಟವರು. ಕಳೆದ ಮಳೆಗಾಲದಲ್ಲಿ ಅವರಿಗೊಂದು ಫೋನ್ ಬಂತು. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಡ್ರಗ್ಸ್ ಸಿಕ್ಕಿದೆ, ನಿಮ್ಮ ಆಧಾರ್ ನಂಬರ್ ಅದರಲ್ಲಿದೆ ಅಂದರು. ಆಮೇಲೆ ವಿಡಿಯೋ ಕಾಲ್, ಖಾಕಿ ಬಟ್ಟೆ, ಹಿಂದೆ ಗೋಡೆಗೆ ಒಂದು ಲಾಂಛನ. ಕ್ಯಾಮೆರಾ ಆಫ್ ಮಾಡಬಾರದು, ಯಾರಿಗೂ ಹೇಳಬಾರದು. ಅಕ್ಕ ಅಕ್ಕಿ ಡಬ್ಬಕ್ಕೆ ಫೋನ್ ಒರಗಿಸಿಟ್ಟು ಆರು ಗಂಟೆ ಕುರ್ಚಿಯಲ್ಲೇ ಕೂತಿದ್ದರು. ನೀರು ಕುಡಿಯಲೂ ಅವನ ಅಪ್ಪಣೆ ಕೇಳಿದರಂತೆ. 'ಪರಿಶೀಲನೆಗೆ' ಅಂತ 1 ಲಕ್ಷ 80 ಸಾವಿರ ಕಳಿಸಿದರು. ಸಂಜೆ ನಾನು ಮಲ್ಲಿಗೆ ಕೊಡಲು ಹೋಗಿ ಬೆಲ್ ಒತ್ತಿದಾಗ ಬಾಗಿಲು ಬೆರಳಷ್ಟು ತೆರೆದು, ತುಟಿ ಮಾತ್ರ ಅಲ್ಲಾಡಿಸಿ "ಹೋಗು ತಮ್ಮಾ, ಹೋಗು" ಅಂದರು. ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಒಳಗೆ ನುಗ್ಗಿ ಫೋನ್ ಬಂದ್ ಮಾಡಿದೆ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟೆವು. ಸ್ವಲ್ಪ ಹಣವನ್ನು ಮುಂದೆ ಹೋಗದಂತೆ ತಡೆದರು, ಉಳಿದದ್ದು ಹೋಯಿತು. ನಿನ್ನ ಅಮ್ಮನಿಗೂ ಈ ನಂಬರ್ ಬರೆದುಕೊಡು. ಬೇಗ ಹೇಳಿದಷ್ಟೂ ಹಣ ಸಿಕ್ಕುವ ಆಸೆ ಜಾಸ್ತಿ. ಇನ್ನೊಂದು ಮಾತು: 'ಡಿಜಿಟಲ್ ಅರೆಸ್ಟ್' ಅನ್ನುವುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ವಿಡಿಯೋ ಕಾಲಿನಲ್ಲಿ ಯಾರೂ ಯಾರನ್ನೂ ಬಂಧಿಸುವುದಿಲ್ಲ.

ಇದನ್ನೇ ನಾನು ಆ ಘಟನೆಗೆ ಎರಡು ತಿಂಗಳ ಮೊದಲು ಬರೆದಿದ್ದೆ. ಅಕ್ಕ ಓದಿದ್ದರು. ಎಂಟು ದಿನ ಬಿಟ್ಟು ಅವರು ಆ ಲೇಖನದ ಪ್ರತಿಯನ್ನು ಮನೆಗೆ ತಂದುಕೊಟ್ಟರು. ಮಕ್ಕಳ ಪರೀಕ್ಷೆ ಪೇಪರ್ ತಿದ್ದುವ ಹಾಗೆ ಕೆಂಪು ಶಾಯಿಯಲ್ಲಿ ತಿದ್ದಿದ್ದರು. 'ವಂಚಕರು ಭಯ ಹುಟ್ಟಿಸುತ್ತಾರೆ' ಅನ್ನುವ ಸಾಲಿನ ಕೆಳಗೆ ಎರಡು ಗೆರೆ. ಪಕ್ಕದಲ್ಲಿ ಅವರ ದುಂಡು ಅಕ್ಷರ: 'ಹೇಗೆ?' ನಾನು ಸುಮ್ಮನೆ ನೋಡುತ್ತಾ ನಿಂತೆ. "ತಪ್ಪು ಏನೂ ಬರೆದಿಲ್ಲ ತಮ್ಮಾ. ಆದರೆ ಅವನ ದನಿ ಇದರಲ್ಲಿಲ್ಲ. ಅವನು ನನ್ನನ್ನು ಮಾತಾಜಿ ಅಂತ ಕರೆದ. ಬೈದ, ಆಮೇಲೆ ಸಮಾಧಾನ ಮಾಡಿದ. ಆಗ ನಿನ್ನ ಲೇಖನ ನೆನಪಿಗೇ ಬರಲಿಲ್ಲ" ಅಂದರು.

ಆ 'ಹೇಗೆ' ನನ್ನನ್ನು ಮಲಗಲು ಬಿಡಲಿಲ್ಲ. ದನಿಯನ್ನು ಬರೆಯುವುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ನಮ್ಮೂರಲ್ಲೇ ಇದ್ದರಲ್ಲ! ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಎದುರುಬದುರು ಕೂತ ಇಬ್ಬರು ಬರೀ ಮಾತಿನಿಂದ ಕೌರವನನ್ನೂ ಕೃಷ್ಣನನ್ನೂ ಕಣ್ಣ ಮುಂದೆ ನಿಲ್ಲಿಸುತ್ತಾರೆ. ಬೆಳಗಿನ ಜಾವದವರೆಗೆ ನಾವು ಅಲ್ಲಾಡದೆ ಕೂತು ಕೇಳಿದ್ದೇವೆ ಅಲ್ವಾ? ಮಾತಿಗೆ ಅಷ್ಟು ಶಕ್ತಿ ಇದೆ ಅಂತ ಚಿಕ್ಕಂದಿನಲ್ಲೇ ನೋಡಿದವನು ನಾನು. ಬರೆಯುವಾಗ ಅದನ್ನು ಮರೆತಿದ್ದೆ.

ಹಾಗಾಗಿ ಮದ್ದಳೆ. ಇಲ್ಲೇ ಒಬ್ಬ ಹಿರಿಯರ ಹತ್ತಿರ ಕಲಿಯುತ್ತಿದ್ದೇನೆ, ಬೆರಳು ಇನ್ನೂ ಮಾತು ಕೇಳುವುದಿಲ್ಲ. ಚಿತ್ರವನ್ನೂ ಅದೇ ಆಸೆಯಿಂದ ಹಿಡಿದೆ. ಲೋಕಲ್ ಟ್ರೇನಿನಲ್ಲಿ ಬಾಲ್‌ಪೆನ್ನಿನಿಂದ ಮುಖ ಬರೆಯುತ್ತೇನೆ. ಥಾಣೆಯಿಂದ ಡೊಂಬಿವಲಿಗೆ ಬರುವಷ್ಟರಲ್ಲಿ ಒಂದು ಮುಖ ಮುಗಿಯಬೇಕು. ಫೋನಿನಲ್ಲಿ ಮಾತಾಡುವವರ ಹುಬ್ಬು, ಹೆಗಲು ಹೇಗೆ ಬಿಗಿಯುತ್ತವೆ ಅಂತ ಈಗ ಕಾಣುತ್ತದೆ. ಹಕ್ಕಿಯ ವಿಷಯಕ್ಕೆ ಮಾತ್ರ ಯಾವ ಕಾರಣವೂ ಇಲ್ಲ ಗೆಳೆಯಾ. ಚಳಿಗಾಲದಲ್ಲಿ ಮುಂಬೈಯ ಶಿವ್ಡಿಯ ಕೆಸರಿಗೆ ಫ್ಲೆಮಿಂಗೋಗಳು ಬರುತ್ತವೆ. ಕುರ್ಲಾದಲ್ಲಿ ಹಾರ್ಬರ್ ಲೈನ್ ಹಿಡಿದು, ಉಬ್ಬರದ ಹೊತ್ತು ನೋಡಿಕೊಂಡು ಹೋಗುತ್ತೇನೆ. ನೀರು ಏರಿದಂತೆ ಅವು ದಡದ ಕಡೆಗೆ ಸರಿಯುತ್ತವೆ. ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲಿಟ್ಟು ತಿನ್ನುವುದನ್ನು ನೋಡಬೇಕು ನೀನು. ಸಂತೋಷ ಆಗುತ್ತದೆ, ಹೋಗುತ್ತೇನೆ.

ಈಗ ಬರೆಯುತ್ತಿರುವುದು ತಾಳಮದ್ದಳೆಗೆ ಒಂದು ಪುಟ್ಟ ಪ್ರಸಂಗ. ಆರು ಪದ್ಯ, ಮುಕ್ಕಾಲು ಗಂಟೆ. ಇಬ್ಬರು ಅರ್ಥಧಾರಿಗಳು, ಅಂದರೆ ಪಾತ್ರದ ಮಾತಾಡುವವರು, ನಡುವೆ ಒಂದು ಅಕ್ಕಿ ಡಬ್ಬ, ಅದಕ್ಕೆ ಒರಗಿಸಿದ ಫೋನ್. ನಮ್ಮ ಕಡೆಯ ಹಿರಿಯರು ಸೇರುವ ಕಡೆ ಮಾಡಬೇಕು ಅಂತಿದೆ. ಫೋನ್ ಮಾಡುವವನ ಅರ್ಥ ಯಾರು ಹೇಳುವುದು ಅಂತ ಯೋಚಿಸುತ್ತಿದ್ದಾಗ ಅಕ್ಕನೇ ಮುಂದೆ ಬಂದರು. "ಅವನ ಮಾತು ನನಗೆ ಬಾಯಿಪಾಠ ಆಗಿದೆ" ಅಂದರು. ಇವತ್ತು ಮೊದಲ ಸಲ ಕೂತೆವು. ಅಕ್ಕ ಕನ್ನಡಕ ತೆಗೆದಿಟ್ಟು, ಬೆನ್ನು ನೆಟ್ಟಗೆ ಮಾಡಿ, ತಣ್ಣಗೆ "ಮಾತಾಜಿ, ಬಾಗಿಲು ಹಾಕಿದ್ದೀರಾ?" ಅಂದರು. ನನ್ನ ಕೈ ಮದ್ದಳೆಯ ಮೇಲೇ ನಿಂತುಹೋಯಿತು. ಟೀ ತಂದಿದ್ದ ನನ್ನ ಹೆಂಡತಿ ಸುಮ್ನೆ ಹೋಗಿ ಬಾಗಿಲ ಚಿಲಕ ನೋಡಿ ಬಂದಳು.

ಜನವರಿಯಲ್ಲಿ ಬಾ. ಶಿವ್ಡಿಗೂ ಹೋಗೋಣ. ಮುಂದಿನ ಭಾನುವಾರ ನಾಲ್ಕು ಗಂಟೆಗೆ ಮತ್ತೆ ಕೂರುತ್ತೇವೆ. ಎರಡನೇ ಪದ್ಯ ಉದ್ದವಾಯಿತು ಅಂತ ಅಕ್ಕ ಅದಕ್ಕೂ ಕೆಂಪು ಗೆರೆ ಹಾಕಿಕೊಟ್ಟಿದ್ದಾರೆ. ಮಲಗುವ ಮೊದಲು ಅದನ್ನು ಸರಿ ಮಾಡಬೇಕು.

ನಿನ್ನ
ಹಳೆಯ ಗೆಳೆಯ