ಪ್ರಾಜೆಕ್ಟ್ ಫೈಲು ಬೇಡ, ಆಟ ಮಾಡಲಿ

ಮಾನ್ಯರೇ,

ಮಳೆಗಾಲ ಬಂತೆಂದರೆ ಮಂಗಳೂರಿನ ಶಾಲಾ ಮಕ್ಕಳಿಗೆ ಮಲೇರಿಯಾದ ಪ್ರಾಜೆಕ್ಟ್. ಹೊರಗೆ ಥರ್ಮಾಕೋಲಿನ ಸೊಳ್ಳೆ, ಒಳಗಿನ ಬರಹ ಸೈಬರ್ ಅಂಗಡಿಯವರದ್ದು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ನಾನೂ ಅಂಥ ಫೈಲುಗಳಿಗೆ ಧಾರಾಳ ಅಂಕ ಹಾಕಿದವಳೇ.

ಈ ಸಲ ನಮ್ಮ ಬಿಲ್ಡಿಂಗಿನ ನಾಲ್ವರು ಮಕ್ಕಳಿಗೆ, ಮಲೇರಿಯಾದ ಮೇಲೆ ಒಂದು ಆಟ ಮಾಡಿ ಎಂದೆ. ಶರತ್ತು ಒಂದೇ: ನಿಯಮಗಳನ್ನು ಕನ್ನಡದಲ್ಲಿ ಬರೆದಿಡಬೇಕು, ಬೇರೆ ಮಕ್ಕಳು ಅದನ್ನು ಓದಿಕೊಂಡು ಆಡುವಾಗ ಇವರು ತುಟಿ ಬಿಚ್ಚಬಾರದು. ಡ್ರಾಯಿಂಗ್ ಶೀಟಿನಲ್ಲಿ ಹಾವು-ಏಣಿಯಂಥ ಮನೆಗಳಾದವು. ಅಜ್ಜಿಯ ಚೆನ್ನೆಮಣೆಯ ಮಂಜೊಟ್ಟಿ ಕಾಳುಗಳು ಸೊಳ್ಳೆಗಳಾದವು.

ಮೊದಲು ಬರೆದದ್ದು, 'ಸೊಳ್ಳೆ ಕಚ್ಚಿದರೆ ಮಲೇರಿಯಾ, ಹಿಂದಕ್ಕೆ ಹೋಗಿ.' ಐದೇ ನಿಮಿಷದಲ್ಲಿ ಎಲ್ಲರಿಗೂ ಜ್ವರ ಬಂದು ಆಟ ನಿಂತಿತು. ಯಾವ ಸೊಳ್ಳೆ ಕಚ್ಚಿದರೂ ಬರುತ್ತದಾ ಎಂದು ಜಗಳ. ಬರೆದವರು ಪುಸ್ತಕ ತೆಗೆದರು. ಮೂರನೇ ಸಲಕ್ಕೆ ವಾಕ್ಯ ಹೀಗಾಯಿತು: 'ಮಲೇರಿಯಾ ಇದ್ದವರನ್ನು ಕಚ್ಚಿದ ಹೆಣ್ಣು ಅನಾಫಿಲಿಸ್ ಸೊಳ್ಳೆ 10 ಸುತ್ತು ಬದುಕಿ ಉಳಿದು, ಆಮೇಲೆ ನಿಮ್ಮನ್ನು ಕಚ್ಚಿದರೆ ಮಾತ್ರ ಜ್ವರ.' ಒಂದು ಸುತ್ತೆಂದರೆ ಒಂದು ದಿನ. ರೋಗಾಣು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದು ಜೊಲ್ಲಿಗೆ ಬರಲು ಸುಮಾರು ಅಷ್ಟು ದಿನ ಬೇಕು. ನಾನಿದನ್ನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಒಬ್ಬರೂ ಯಾಕೆಂದು ಕೇಳಿರಲಿಲ್ಲ. ವೈವಾಕ್ಸ್ ಎಂಬ ಬಗೆಯ ಮಲೇರಿಯಾದ ರೋಗಾಣು ಯಕೃತ್ತಿನಲ್ಲಿ ಅಡಗಿ ಕೂರುವುದಕ್ಕೂ ನಿಯಮ ಬಂತು: '14 ದಿನದ ಮಾತ್ರೆ ಪೂರ್ತಿ ನುಂಗದವರು ಪುನಃ ಹಾಸಿಗೆಗೆ.'

ಪ್ರಶ್ನೆಗೆ ಉತ್ತರ ಹೇಳಿ ಎರಡು ಮನೆ ಮುಂದೆ ಹೋಗುವುದನ್ನು ದಯವಿಟ್ಟು ಆಟ ಎನ್ನಬೇಡಿ, ಅದು ವೇಷ ಕಟ್ಟಿದ ಪರೀಕ್ಷೆ. ಅಪ್ಪ-ಅಮ್ಮ ರಾತ್ರಿ ಕೂತು ಅಂದವಾಗಿ ಮಾಡಿಕೊಟ್ಟದ್ದೂ ಬೇಡ.

ಶಿಕ್ಷಣ ಇಲಾಖೆ ಆಂತರಿಕ ಅಂಕಗಳಿಗೆ ಫೈಲಿನ ಬದಲು ಇಂಥ ನಿಯಮದ ಹಾಳೆಯನ್ನು, ಹೊಡೆದುಹಾಕಿ ತಿದ್ದಿದ ಹಳೆಯ ಪ್ರತಿಗಳ ಸಮೇತ, ಒಪ್ಪಿಕೊಳ್ಳಲಿ. ಪಿಲಿಕುಳದ ವಿಜ್ಞಾನ ಕೇಂದ್ರದವರಲ್ಲಿಯೂ ಒಂದು ವಿನಂತಿ. ಪ್ರವಾಸಕ್ಕೆ ಬರುವ ಮಕ್ಕಳಿಗಾಗಿ ಒಂದು ಮೇಜು, ಅದರ ಮೇಲೆ ಬೇರೆ ಶಾಲೆಯವರು ಮಾಡಿದ ಆಟಗಳನ್ನು ಇಡಬಹುದೇ? ಮೂಡುಬಿದಿರೆಯವರು ಬರೆದದ್ದನ್ನು ಕುಂದಾಪುರದವರು ಓದಿ ಆಡಲಿ. ಆಟ ಎಲ್ಲಿ ನಿಂತಿತೋ ಆ ಸಾಲಿಗೆ ಕೆಂಪು ಗೀಟು ಹಾಕಿ, ಬರೆದವರಿಗೇ ವಾಪಸು ಕಳಿಸಿದರಾಯಿತು.

– ನಿವೃತ್ತ ವಿಜ್ಞಾನ ಶಿಕ್ಷಕಿ, ಮಂಗಳೂರು