ಅತಿಥಿ ಬೇರೆ, ನೆಂಟ ಬೇರೆ

ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರದ 13ನೇ ಅಧ್ಯಾಯದಲ್ಲಿ ನಾವು ‘ಅತಿಥಿಸತ್ಕಾರ’ ಎಂದು ಓದುವ ಕಡೆ ಗ್ರೀಕ್ ಮೂಲದಲ್ಲಿರುವುದು ‘ಫಿಲೊಕ್ಸೆನಿಯ’, ಅಪರಿಚಿತನ ಮೇಲಿನ ಪ್ರೀತಿ. ನಮ್ಮ ‘ಅತಿಥಿ’ಯನ್ನೂ ಹಿರಿಯರು ತಿಥಿ ನೋಡದೆ ಬಂದವನು ಎಂದೇ ಬಿಡಿಸುತ್ತಾರೆ. ನೆಂಟ ಬೇರೆ. ಲೂಕ 14ರಲ್ಲಿ ಯೇಸು ಈ ಗೆರೆಯನ್ನು ಕಟುವಾಗಿಯೇ ಎಳೆಯುತ್ತಾನೆ: ಔತಣಕ್ಕೆ ಸ್ನೇಹಿತರನ್ನು, ಬಂಧುಗಳನ್ನು, ಸ್ಥಿತಿವಂತ ನೆರೆಯವರನ್ನು ಕರೆಯಬೇಡ, ಅವರು ನಿನ್ನನ್ನೂ ಕರೆದು ಲೆಕ್ಕ ತೀರಿಸಿಬಿಡುತ್ತಾರೆ, ತಿರುಗಿ ಕೊಡಲಾಗದವರನ್ನು ಕರೆ. ಈ ಅಳತೆ ಹಿಡಿದರೆ ನಮ್ಮ ಕೂಟಗಳ ಊಟಗಳಲ್ಲಿ ಬಹುಪಾಲು ನೆಂಟಸ್ತಿಕೆಯೇ.

ತಾಯ್ನುಡಿಯ ಕೂಟದಲ್ಲಿ ಇದು ಇನ್ನೂ ಸುಲಭವಾಗಿ ಆಗುತ್ತದೆ. ವಾರವಿಡೀ ಬೇರೆ ಭಾಷೆಯಲ್ಲಿ ದುಡಿದವರಿಗೆ ಕನ್ನಡ ಕೇಳಿದರೆ ಸಾಕು, ಗುಂಪು ಕಟ್ಟಿಕೊಂಡು ನಿಲ್ಲುತ್ತಾರೆ. ಕನ್ನಡ ಬಾರದೆ ಬಂದವರು ಗೋಡೆ ಪಕ್ಕದಲ್ಲಿ ಉಳಿಯುತ್ತಾರೆ. ಹೊಸಬರು ಕೈತಪ್ಪುವುದು ಆರಾಧನೆಯ ನಡುವೆ ಅಲ್ಲ, ಮುಗಿದ ಮೇಲಿನ ಮೊದಲ ಹತ್ತು ನಿಮಿಷದಲ್ಲಿ. ಆದ್ದರಿಂದ ಬಾಗಿಲಿಗೆ ಇಬ್ಬರನ್ನು ನೇಮಿಸಿ. ಆ ಹತ್ತು ನಿಮಿಷ ಅವರು ತಮ್ಮ ಗೆಳೆಯರ ಜೊತೆ ಮಾತಿಗೆ ನಿಲ್ಲಬಾರದು. ಒಬ್ಬರು ಹೊಸಬರ ಪಕ್ಕ ಕೂತು ಮೆಲ್ಲಗೆ ಅರ್ಥ ಹೇಳಲಿ. ಹೆಸರು ಕೇಳಿ, ಸರಿಯಾಗಿ ಉಚ್ಚರಿಸಲು ಕಲಿಯಿರಿ. ಯಾವ ಸಭೆ (ಚರ್ಚ್), ಏನು ಕೆಲಸ, ಎಷ್ಟು ದಿನ ಇರುತ್ತೀರಿ, ವೀಸಾ ಯಾವುದು ಎಂಬ ಪ್ರಶ್ನೆಗಳು ಅಂದಿಗೆ ಬೇಡ. ಕೇಳುವವರಿಗೆ ಅದು ಕುತೂಹಲ, ಉತ್ತರಿಸುವವರಿಗೆ ತನಿಖೆ.

‘ಯಾವಾಗಲಾದರೂ ಮನೆಗೆ ಬನ್ನಿ’ ಎಂಬುದು ಕರೆಯೇ ಅಲ್ಲ. ದಿನ, ಗಂಟೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಬರುವುದು ಹೇಗೆ, ವಾಪಸು ಬಿಡುವವರು ಯಾರು, ಇಷ್ಟನ್ನೂ ಹೇಳಿ. ಏನು ತಿನ್ನುವುದಿಲ್ಲ ಎಂದು ಮೊದಲೇ ಕೇಳಿಕೊಳ್ಳಿ, ಎಲೆ ಮುಂದೆ ಕೂತ ಮೇಲೆ ಅಲ್ಲ. ಊಟಕ್ಕೆ ಮೊದಲು ಪ್ರಾರ್ಥಿಸುವ ರೂಢಿಯಿದ್ದರೆ ತಿಳಿಸಿ, ಚಿಕ್ಕದಾಗಿ ಪ್ರಾರ್ಥಿಸಿ. ಅವರು ಕೇಳಿದರೆ ನಂಬಿಕೆಯ ಬಗ್ಗೆ ಮನಬಿಚ್ಚಿ ಮಾತಾಡಿ. ಕೇಳದಿದ್ದರೆ ಊಟವನ್ನು ಬೋಧನೆಯ ಬೆಲೆಗೆ ಮಾರಬೇಡಿ. ಮುಂದೆ ಸಭೆಗೆ ಬರುತ್ತಾರೆ ಎಂದು ಬಡಿಸಿದ ಅನ್ನ ಷರತ್ತಿನ ಅನ್ನ, ಉಂಡವರಿಗೆ ಅದು ಗೊತ್ತಾಗದೆ ಇರುವುದಿಲ್ಲ. ನೆರವು ಪಡೆದವರ ಫೋಟೊವನ್ನು ಎಲ್ಲಿಯೂ ಹಾಕಬೇಡಿ, ಈ ಸುದ್ದಿಪತ್ರದಲ್ಲಿಯೂ.

ಹೆಚ್ಚು ಎಡವುವುದು ಉಳಿದುಕೊಳ್ಳಲು ಜಾಗ ಕೊಡುವಾಗ. ಷರತ್ತಿಲ್ಲದ ಪ್ರೀತಿ ಎಂದರೆ ಗಡುವಿಲ್ಲದ ವಾಸ ಎಂದುಕೊಂಡು, ಮೂರನೇ ವಾರಕ್ಕೆ ಮನೆಯವರು ಒಳಗೊಳಗೇ ಕುದಿಯತೊಡಗುತ್ತಾರೆ. ಪೇತ್ರನ ಮೊದಲ ಪತ್ರದ 4ನೇ ಅಧ್ಯಾಯ ಗೊಣಗದೆ ಸತ್ಕರಿಸಿ ಎನ್ನುತ್ತದೆ. ಗೊಣಗಾಟ ಅಂದೂ ಇತ್ತು. ‘ದಿದಾಖೆ’ ಎಂಬ ಆದಿಸಭೆಯ ಕೈಪಿಡಿಯ 12ನೇ ಅಧ್ಯಾಯದಲ್ಲಿ ಇದಕ್ಕೆ ಮದ್ದಿದೆ. ಕರ್ತನ ಹೆಸರಿನಲ್ಲಿ ಬಂದ ಪ್ರತಿಯೊಬ್ಬನನ್ನೂ ಬರಮಾಡಿಕೊಳ್ಳಿ. ದಾರಿಹೋಕನಾದರೆ ಕೈಲಾದಷ್ಟು ನೆರವಾಗಿ, ಆದರೆ ಎರಡು ದಿನ, ಅಗತ್ಯ ಬಿದ್ದರೆ ಮೂರು. ನೆಲೆಸುವುದಾದರೆ ತನ್ನ ಕಸುಬು ಮಾಡಿ ಉಣ್ಣಲಿ. ಕಸುಬಿಲ್ಲದಿದ್ದರೆ ಹೇಗೆ ಬದುಕಬೇಕೆಂಬುದನ್ನು ನೀವೇ ಯೋಚಿಸಿ ದಾರಿಮಾಡಿ. ಕೊನೆಯ ಮಾತೇ ನಮಗೆ ದೊಡ್ಡದು: ಗಡುವು ಹೇಳಿ ಕೈತೊಳೆದುಕೊಳ್ಳುವಂತಿಲ್ಲ.

ಹಾಗಾಗಿ ಮನೆಯವರೆಲ್ಲ ಒಪ್ಪಿದ ಮೇಲೆಯೇ ಹೂಂ ಎನ್ನಿ, ಮಕ್ಕಳನ್ನೂ ಕೇಳಿ. ಎಷ್ಟು ದಿನ ಎಂಬುದನ್ನು ಮೊದಲ ಸಂಜೆಯೇ ಹೇಳಿ. ಹತ್ತನೇ ದಿನ ಹೇಳಿದರೆ ಹೊರಹಾಕಿದಂತೆ ಕೇಳಿಸುತ್ತದೆ. ಬೀಗದ ಕೈ, ಸ್ನಾನದ ಹೊತ್ತು, ಬಟ್ಟೆ ಒಗೆಯುವುದು ಎಲ್ಲಿ, ಅಡುಗೆಮನೆಯಲ್ಲಿ ಕೇಳದೆ ತೆಗೆದುಕೊಳ್ಳಬಹುದಾದದ್ದು ಯಾವುದು, ಎಲ್ಲವನ್ನೂ ಅಂದೇ ತೋರಿಸಿ. ಗಡುವಿನ ಅರ್ಧ ಕಳೆದಾಗ ಮುಂದಿನ ಜಾಗದ ಹುಡುಕಾಟಕ್ಕೆ ಅವರ ಜೊತೆ ಕೂತುಕೊಳ್ಳಿ. ಹಣ ಕೊಡುವುದಾದರೆ ದಾನವಾಗಿಯೇ ಕೊಟ್ಟುಬಿಡಿ. ಸಾಲವೆಂದರೆ ತೀರಿಸಲಾಗದವರು ನಾಚಿಕೊಂಡು ಮುಖ ತಪ್ಪಿಸುತ್ತಾರೆ, ದುಡ್ಡಿನ ಜೊತೆ ಮನುಷ್ಯರೂ ದೂರವಾಗುತ್ತಾರೆ. ಮಕ್ಕಳನ್ನು ಹೊಸಬರ ಜೊತೆ ಒಂಟಿಯಾಗಿ ಬಿಡದಿರುವುದು ಪ್ರೀತಿಯ ಕೊರತೆಯಲ್ಲ. ಆ ನಿಯಮ ಎಲ್ಲರಿಗೂ ಒಂದೇ ಇರಲಿ, ಮುಖ ನೋಡಿ ಬದಲಾಗಬಾರದು.

ಒಂದೇ ಮನೆ ಎಲ್ಲರನ್ನೂ ಹೊರುವ ಕಡೆ ಸತ್ಕಾರ ಬಹಳ ದಿನ ಬಾಳುವುದಿಲ್ಲ. ಲೂಕ 10ರಲ್ಲಿ ಯೇಸು ಹೇಳಿದ ಕಥೆಯ ಸಮಾರ್ಯದವನು, ದಾರಿಯಲ್ಲಿ ಕಳ್ಳರು ಹೊಡೆದು ಬಿಟ್ಟುಹೋದವನ ಗಾಯಗಳಿಗೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಕರೆತಂದ, ಆ ದಿನ ಆರೈಕೆ ಮಾಡಿದ. ಮಾರನೇ ದಿನ ಎರಡು ದಿನಾರಿ, ಅಂದರೆ ಎರಡು ದಿನದ ಕೂಲಿ, ಛತ್ರದವನ ಕೈಗಿಟ್ಟು, ಹೆಚ್ಚು ಖರ್ಚಾದರೆ ಬಂದು ಕೊಡುತ್ತೇನೆ ಎಂದು ಹೊರಟ. ಹೊರೆಯನ್ನು ಹಂಚಿದ, ಹೊಣೆಯನ್ನು ಬಿಡಲಿಲ್ಲ. ಗಾಯಗೊಂಡವನು ಯಾವ ಜಾತಿ, ಯಾವ ಊರು ಎಂದು ಅವನು ಕೇಳಿದ್ದು ಕಥೆಯಲ್ಲಿಲ್ಲ.

6ನೇ ಶತಮಾನದಲ್ಲಿ ಇಟಲಿಯ ಕ್ರೈಸ್ತ ಸನ್ಯಾಸಿ ಬೆನೆಡಿಕ್ಟ್ ತನ್ನ ಮಠಗಳಿಗೆ ಬರೆದ ನಿಯಮದ 53ನೇ ಅಧ್ಯಾಯವೂ ಹಂಚಿಕೆಯ ಲೆಕ್ಕವೇ. ಅತಿಥಿಗಳನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಿ ಎಂದವನು ಅಲ್ಲಿಗೇ ನಿಲ್ಲಿಸಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬರುವವರಿಂದ ಮಠದ ದಿನಚರಿ ಕೆಡದಿರಲೆಂದು ಬೇರೆ ಅಡುಗೆಮನೆ, ಅಲ್ಲಿಗೆ ಒಂದು ವರ್ಷದ ಮಟ್ಟಿಗೆ ಇಬ್ಬರು, ಅವರಿಗೆ ಗೊಣಗುವ ಕಾರಣ ಬಾರದಂತೆ ಬೇಕಾದಾಗ ಸಹಾಯಕರು. ಬಡವರಿಗೂ ಯಾತ್ರಿಕರಿಗೂ ಹೆಚ್ಚಿನ ಗಮನ ಕೊಡಿ ಎಂದ. ಸಿರಿವಂತರಿಗಾದರೆ ಜನ ಹೆದರಿಯೇ ಮರ್ಯಾದೆ ಕೊಡುತ್ತಾರಂತೆ. ಸಾಕಷ್ಟು ಹಾಸಿಗೆಗಳು ಸಿದ್ಧವಾಗಿರಲಿ ಎಂದೂ ಬರೆದಿಟ್ಟ.

ಬಂದವರು ಹೋದ ಮೇಲೆ ಫೋನ್ ಮಾಡದಿರಬಹುದು, ಸಭೆಗೆ ಮತ್ತೆ ಬಾರದಿರಬಹುದು. ಒಂದು ವಾರದ ನಂತರ ನೀವೇ ಒಮ್ಮೆ ಕರೆಮಾಡಿ ಕ್ಷೇಮ ವಿಚಾರಿಸಿ, ಯಾಕೆ ಬರಲಿಲ್ಲ ಎಂದು ಕೇಳಬೇಡಿ. ಹಾಸಿಗೆಯ ಹೊದಿಕೆಯನ್ನು ಮಾತ್ರ ಅವರು ಹೊರಟ ದಿನವೇ ಒಗೆದು, ಒಣಗಿಸಿ, ಹಾಸಿಡಿ.