ನೀರ್ ಸಾಬ್ ಕಟ್ಟಿದ ಪಂಚಾಯಿತಿ

ಮಾನ್ಯರೇ,

ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಹೆಸರು ಈಗಿನ ಹುಡುಗರಿಗೆ ಗೊತ್ತೇ ಇಲ್ಲ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದವರು. ಬರದ ಆ ವರ್ಷಗಳಲ್ಲಿ ಹಳ್ಳಿಹಳ್ಳಿಗೂ ಬೋರ್‌ವೆಲ್ ಕೊರೆಸಿದರು. ಕೇರಿಯ ಮೂಲೆಯಲ್ಲಿ ಕೈಪಂಪು ಬಂತು. ಹಿಡಿ ಎಟುಕದ ಮಕ್ಕಳು ಜೋತುಬಿದ್ದು ಒತ್ತುತ್ತಿದ್ದರು, ಕೊಡ ತುಂಬುತ್ತಿತ್ತು. ಜನ ಪ್ರೀತಿಯಿಂದ ‘ನೀರ್ ಸಾಬ್’ ಎಂದು ಕರೆದರು.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಪಂಚಾಯಿತಿ ಕೆಲಸ. 1983ರ ಕಾಯ್ದೆಯಿಂದ ಜಿಲ್ಲಾ ಪರಿಷತ್, ಕೆಲವು ಹಳ್ಳಿಗಳಿಗೆ ಒಂದರಂತೆ ಮಂಡಲ ಪಂಚಾಯಿತಿಗಳು ಬಂದವು. 1987ರಲ್ಲಿ ಚುನಾವಣೆ ನಡೆಯಿತು. ಹೆಣ್ಣುಮಕ್ಕಳಿಗೆ ಶೇ 25ರಷ್ಟು ಸ್ಥಾನ ಮೀಸಲು. ಪಂಚಾಯಿತಿಗಳಿಗೆ ದೇಶದಾದ್ಯಂತ ಸಾಂವಿಧಾನಿಕ ಸ್ಥಾನ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೂ ಎಷ್ಟೋ ಮೊದಲಿನ ಮಾತಿದು! ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಇತ್ತು. ಸ್ವತಃ ಮಂತ್ರಿಯೇ ತನ್ನ ಅಧಿಕಾರವನ್ನು ಕೆಳಗೆ ಹಂಚುವುದು ಸುಮ್ನೆ ಮಾತಲ್ಲ. 1988ರಲ್ಲಿ ಅವರು ತೀರಿಕೊಂಡರು.

ಅದೇ ರಾಜ್ಯದಲ್ಲಿ 2021ಕ್ಕೆ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಅಧಿಕಾರಿಗಳದೇ ಆಡಳಿತ. ಮೈಸೂರಿನ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಗೆ ನಜೀರ್ ಸಾಬ್ ಹೆಸರಿಟ್ಟರೆ ಸಾಕಾ? ಇನ್ನು ಮುಂದೆ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಲಿ. ಸ್ಥಾನಗಳ ಮೀಸಲಾತಿ ಪಟ್ಟಿ ಸಿದ್ಧವಾಗಿಲ್ಲ ಎಂಬ ನೆಪ ಹೇಳುವುದನ್ನು ಸರ್ಕಾರ ಬಿಡಲಿ.

– ಓದುಗ, ಚಾಮರಾಜನಗರ ಜಿಲ್ಲೆ